ಇಸ್ತ್ರಿ ಅಜ್ಜಿಯನ್ನು ಯಾರೂ ಕೇಳಲಿಲ್ಲ

ಇಸ್ತ್ರಿ ಅಂಗಡಿಯ ಅಜ್ಜಿಗೆ ಹದಿಮೂರಕ್ಕೇ ಮದುವೆಯಾಗಿತ್ತು. ಮೊಮ್ಮಗಳಿಗೆ ಹದಿನೈದು ತುಂಬುತ್ತಲೇ ಮಗರಾಯ ಗಂಡು ಗೊತ್ತುಮಾಡಿ, ಹುಡುಗನ ತಾಯಿಯನ್ನು ಅಂಗಡಿಗೇ ಕರೆತಂದ.

“ಮಕ್ಕಳ ಮದುವೆ ಮದುವೆಯೇ ಅಲ್ಲ ಅಂತ ಎಷ್ಟೋ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿವೆ, ಅಪ್ಪ,” ಎಂದಳು ಹುಡುಗಿ.

“ಆ ದೇಶಗಳೇನು ನಮ್ಮ ಬೀಗರಾ?” ಎಂದ ಅಪ್ಪ.

ಅಜ್ಜಿ ಅಂಗಿಯ ಕಾಲರ್ ತಿಕ್ಕುತ್ತಲೇ ಸೊಂಟ ಹಿಡಿದು ಚಹಾ ಕುಡಿಯುತ್ತಿದ್ದ ಹುಡುಗನ ತಾಯಿಯತ್ತ ತಿರುಗಿದರು. “ನೋಡಮ್ಮ, ನಾನು ಬಂದ ಹೊಸದರಲ್ಲಿ ನಮ್ಮತ್ತೇನೇ ನನ್ನ ತಲೆ ಬಾಚಿ, ಅಮ್ಮ ಬೇಕು ಅಂತ ಅತ್ತರೆ ಪಕ್ಕದಲ್ಲಿ ಮಲಗಿಸ್ಕೋತಿದ್ರು. ಸೊಸೆ ತಂದೋರಿಗೆ ಸಾಕೋಕೆ ಇನ್ನೊಂದು ಮಗು ಸಿಕ್ಕಿತ್ತು. ಇವಳನ್ನ ಬೆಳಿಗ್ಗೆ ಎಬ್ಬಿಸೋಕೇ ಇಬ್ಬರು ಬೇಕು, ನಿಮಗೋ ಸೊಂಟನೋವು.”

ಆ ತಾಯಿ ಚಹಾದ ಲೋಟ ಕೆಳಗಿಟ್ಟರು. “ಓದು ಮುಗಿಸ್ಲಿ ಬಿಡಿ.”

ಆಕೆ ಹೋದ ಮೇಲೆ ಮಗ ಸಿಡುಕಿದ: “ನಿನ್ನನ್ನ ಯಾರಮ್ಮ ಕೇಳಿದ್ರು?”

“ಹದಿಮೂರರಲ್ಲೂ ಯಾರೂ ಕೇಳಿರ್ಲಿಲ್ಲ ಕಣೋ,” ಎಂದು ಅಜ್ಜಿ ಇನ್ನೊಂದು ಅಂಗಿ ಹರವಿದರು.