ಕರದಂಟು ತಿಂದು ಹೋದವನು ಬರೆದ ಸಾಲು

ಓಟು ಕೇಳಲು ಬಂದವನು ಒಬ್ಬನೇ ಬಂದಿದ್ದ. ಹಲಗೆಯ ಬಡಿತವಿಲ್ಲ, ಮೈಕಿಲ್ಲ, ಹಿಂದೆ ಜೈಕಾರ ಹಾಕುವವರಿಲ್ಲ. ತೊಯ್ದ ಕೋಟು, ಕೈಯಲ್ಲಿ ಒಂದಿಷ್ಟು ಕರಪತ್ರ. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು, ಏನೋ ತಪ್ಪು ಮಾಡಿದವನ ಹಾಗೆ ಮಳೆಯಲ್ಲಿ ನಿಂತಿದ್ದ. ನಮ್ಮ ಇಳಕಲ್ಲಿನಲ್ಲಿ ಓಟು ಕೇಳುವವರು ನೇರ ಪಡಸಾಲೆಗೇ ಬಂದು ಕುಂತುಬಿಡುತ್ತಾರೆ.

"ಬರ್ರಿ, ಒಳಗ ಬರ್ರಿ, ಮಳ್ಯಾಗ ಯಾಕ ನಿಂತೀರಿ?" ಅಂದೆ. ಅವನಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಕೈಸನ್ನೆ ಎಲ್ಲ ದೇಶದಲ್ಲೂ ನಡೆಯುತ್ತದೆ.

ನಾನು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳು. ಆಮೇಲೆ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತಿದ್ದೇ ನನ್ನ ಓದು. ಮಗಳು ಇಲ್ಲಿ, ಇಂಗ್ಲೆಂಡಿನ ಈ ಊರಿನ ದವಾಖಾನೆಯಲ್ಲಿ ನರ್ಸ್. ಮೊಮ್ಮಗಳು ಗೌರಿ ಹುಟ್ಟಿದ್ದೇ ಇಲ್ಲಿ. ಈ ವರ್ಷ ಅವಳಿಗೆ ಹದಿನೆಂಟು ತುಂಬಿತು. ನನಗೆ ಒಂದು ಸಲಕ್ಕೆ ಆರು ತಿಂಗಳು ಇರಲು ಮಾತ್ರ ಅಪ್ಪಣೆ. ಇದು ನಾಲ್ಕನೇ ಸಲ. ಇರುವುದು ಸಾಲುಮನೆ, ಒಂದೇ ಗೋಡೆ ಎರಡು ಮನೆಗೆ. ಇದಕ್ಕೆ 'ಟೆರೇಸ್' ಮನೆ ಅನ್ನುತ್ತಾರೆ. ಹಪ್ಪಳ ಒಣಗಿಸಲು ಮಾಳಿಗೆ ಮಾತ್ರ ಇಲ್ಲ. ಗೋಡೆಯಾಚೆ ಪೋಲಂಡಿನ ಹೆಣ್ಣುಮಗಳು. ಈ ದೇಶ ಯುರೋಪಿನ ಒಕ್ಕೂಟ ಬಿಟ್ಟು ಹೊರಬಿದ್ದಾಗ, ಇಲ್ಲೇ ಇರಲು ಅವಳೂ ಹೊಸದಾಗಿ ಅರ್ಜಿ ಹಾಕಬೇಕಾಯಿತಂತೆ. ಅಷ್ಟು ಬೆಳ್ಳಗಿದ್ದರೂ!

ಗೌರಿ ಬ್ಲಾಗ್ ಬರೆಯುತ್ತಾಳೆ. ಬ್ಲಾಗ್ ಅಂದರೆ ಫೋನಿನಲ್ಲೇ ಓದುವ ಸ್ವಂತ ಪತ್ರಿಕೆ. ಅವಳೇ ಬರೆಯುವವಳು, ಅವಳೇ ಹಂಚುವವಳು. ಇಲ್ಲಿಯ ಕೌನ್ಸಿಲ್, ನಮ್ಮ ನಗರಸಭೆ ಇದ್ದ ಹಾಗೆ, ವಾಚನಾಲಯ ಮುಚ್ಚಲು ಹೊರಟದ್ದು, ಪಾರ್ಲಿಮೆಂಟಿನಲ್ಲಿ ಯಾರು ಏನೆಂದರು, ಫ್ರಾನ್ಸು ಇಟಲಿಯಲ್ಲೂ ಹೊರಗಿನವರನ್ನು ತೋರಿಸಿ ಹೇಗೆ ಹೆದರಿಸಿ ಓಟು ಕೇಳುತ್ತಾರೆ, ಎಲ್ಲ ಬರೆಯುತ್ತಾಳೆ. ರವಿವಾರ ನನ್ನ ಪಕ್ಕ ಕುಳಿತು ನಮ್ಮ ಮಾತಿನಲ್ಲಿ ಹೇಳುತ್ತಾಳೆ. ನನ್ನ ಮಗಳ ಮಗಳು ದೊಡ್ಡ ದೊಡ್ಡವರನ್ನು ಪ್ರಶ್ನೆ ಕೇಳುತ್ತಾಳೆ! ಇದನ್ನು ಹೇಳಹೊರಟರೆ ಎದೆ ತುಂಬಿ ಬಂದು ಮುಂದಿನ ಮಾತೇ ಮರೆತುಹೋಗುತ್ತದೆ.

ಹಾಂ, ಆ ಮನುಷ್ಯ. ಚಹಾ ಕೊಟ್ಟೆ, ಅಮೀನಗಡದ ಕರದಂಟು ಕೊಟ್ಟೆ. ಎರಡು ತಿಂದ. ಮೂರನೆಯದನ್ನು ತನ್ನದೇ ಕರಪತ್ರದಲ್ಲಿ ಸುತ್ತಿ ಜೇಬಿಗಿಟ್ಟ. ಗೌರಿ ಕಾಲೇಜಿನಿಂದ ಬಂದು, ಅವನು ಬಿಟ್ಟುಹೋದ ಕರಪತ್ರ ನೋಡಿ ಹಣೆ ಬಡಿದುಕೊಂಡಳು.

"ಆಯಿ, ಇಂವಾ ನಮ್ಮಂಥಾರು ಈ ದೇಶಕ್ಕ ಬರಬಾರ್ದು ಅನ್ನಾಂವ! ಇಂವಗ ಕರದಂಟು ಕೊಟ್ಟೀಯೇನು?"

"ತಿಂದ್ರ ತಿನ್ಲಿ ಬಿಡು. ತಿಂದ ಮನೀ ಬಗ್ಗೆ ಯಾರೂ ಕೆಟ್ಟ ಮಾತಾಡಾಂಗಿಲ್ಲ."

ಅಲ್ಲೇ ನಾನು ತಪ್ಪಿದ್ದು. ನಾಲ್ಕು ದಿನಕ್ಕೆ ಅವನು ತನ್ನ ಬ್ಲಾಗಿನಲ್ಲಿ ಬರೆದ. ಅವನಿಗೂ ಒಂದು ಇದೆ. ಗೌರಿ ನನಗೆ ಓದಿ ಹೇಳುತ್ತಾ ಒಂದು ಕಡೆ ತಡೆದು, ಮುಂದೆ ಹೋದಳು.

"ಏನ ಬಿಟ್ಟಿ?"

"ಏನಿಲ್ಲ ಆಯಿ."

"ಒಂದ ಎಳಿ ಹರದ್ರ ಗೊತ್ತಾಕ್ಕೈತಿ ನನಗ. ಓದು."

ಓದಿದಳು. 'ನಮ್ಮ ಆಸ್ಪತ್ರೆಗಳ ಸಾಲು ಯಾಕೆ ಉದ್ದವಾಗಿದೆ ಗೊತ್ತೆ? ಮೊನ್ನೆ ಒಂದು ಮನೆಗೆ ಹೋಗಿದ್ದೆ. ಮೂಲೆಯ ಕುರ್ಚಿಯಲ್ಲಿ ಒಬ್ಬ ಮುದುಕಿ. ಇಂಗ್ಲಿಷಿನ ಒಂದು ಮಾತೂ ಬಾರದು. ಇಂಥವರನ್ನೆಲ್ಲ ನಾವೇ ಸಾಕಬೇಕೆ?'

ನಾನು ಇಲ್ಲಿಯ ದವಾಖಾನೆಯ ಮೆಟ್ಟಿಲು ಹತ್ತಿದವಳಲ್ಲ. ಹತ್ತಿ ಇಳಿಯುವವಳು ನನ್ನ ಮಗಳು. ಅವರ ಮುದುಕರನ್ನು ಮಗ್ಗುಲು ತಿರುಗಿಸಿ, ಒರೆಸಿ, ಉಣಿಸಿ ಬರುವವಳು. ಯಾರು ಯಾರನ್ನು ಸಾಕುತ್ತಿದ್ದಾರೆ?

ಗೌರಿ ತನ್ನ ಬ್ಲಾಗಿನಲ್ಲಿ ಉತ್ತರ ಬರೆದಳು. ಅದರ ಕೆಳಗೆ ಹೆಸರಿಲ್ಲದವರು ಬಂದು ಬೈದರು, 'ನಿನ್ನ ದೇಶಕ್ಕೆ ಹೋಗು' ಎಂದರು. ಇಳಕಲ್ಲಿನಲ್ಲಿ ಬೈಗುಳ ಕಡಿಮೆಯೇನಿಲ್ಲ. ಆದರೆ ಬೈಯುವವನು ಓಣಿಯಲ್ಲಿ ನಿಂತು ಬೈಯುತ್ತಾನೆ, ಅವನ ಮುಖ ಕಾಣುತ್ತದೆ. ಇಲ್ಲಿಯದು ಮುಖವಿಲ್ಲದ ಬೈಗುಳ. ಎರಡು ದಿನ ಹುಡುಗಿ ಸರಿಯಾಗಿ ಉಣ್ಣಲಿಲ್ಲ.

"ಆಯಿ, ಬ್ಲಾಗ್ ತಗದಬಿಡ್ತೇನಿ. ಓಟೂ ಹಾಕಾಂಗಿಲ್ಲ. ಇದು ನಂದಲ್ಲದ ಊರು."

ಅವನ ಸಾಲಿಗಿಂತ ಈ ಮಾತು ನನ್ನನ್ನು ಸುಟ್ಟಿತು.

ಓಟಿನ ಹಿಂದಿನ ದಿನ ಅವನು ಮತ್ತೆ ನಮ್ಮ ಓಣಿಗೆ ಬಂದ. ನಾನೇ ಬಾಗಿಲು ತೆಗೆದು ಕರೆದೆ. ನಗುತ್ತಾ ಬಂದ, ಕರದಂಟಿನ ಆಸೆಯೋ ಏನೋ. ಮೂಲೆಯ ಅದೇ ಕುರ್ಚಿಯಲ್ಲಿ ಕೂರಿಸಿದೆ.

"ಗೌರಿ, ಅಂವಾ ಬರದದ್ದು ತಗದು ಫೋನ್ ಅವನ ಕೈಯಾಗ ಕೊಡು. ನಾ ಹೇಳಿದ್ದು ಹಂಗ ಹೇಳು. ಸಾಹೇಬ್ರ, ಇದು ನೀವ ಬರದದ್ದು. ನನ್ನ ಮಾರಿ ನೋಡಿ ಓದ್ರಿ."

ಓದತೊಡಗಿದ. ಕುರ್ಚಿಯ ಮಾತು ಬಂದಾಗ ನಿಂತ. ಕೂತ ಕುರ್ಚಿಯ ಕೈ ನೋಡಿದ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಏನೋ ಗೊಣಗಿದ.

"ಇದು ನಿನ್ನ ಬಗ್ಗೆ ಅಲ್ಲಂತ ಆಯಿ. ಒಟ್ಟಾರೆ ವಿಷಯ ಅಂತ."

"ಒಟ್ಟಾರೆ ವಿಷಯ ಕರದಂಟು ಕೊಟ್ಟಿತ್ತೇನು, ಕೇಳು!"

ಎರಡು ದಿನದಲ್ಲಿ ಮೊದಲ ಸಲ ಗೌರಿ ನಕ್ಕಳು. ನಕ್ಕು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಅವನ ಮುಖ ಕೆಂಪಾಯಿತು. ಎದ್ದು ಹೋದ.

ಸಾಲು ಅಳಿಸಲಿಲ್ಲ. ಗೆದ್ದವನೂ ಅವನೇ. ನನ್ನ ಸಿಟ್ಟು ಇನ್ನೂ ಆರಿಲ್ಲ. ಆದರೆ ಅವನು ಎದ್ದುಹೋದ ಸಂಜೆಯೇ ಗೌರಿ ಕುರ್ಚಿಯ ಕಥೆಯನ್ನು ಪೂರಾ ಬರೆದಳು, ಕೆಳಗೆ ತನ್ನ ಹೆಸರು ಹಾಕಿ. ಮರುದಿನ ತನ್ನ ಮೊದಲ ಓಟು ಹಾಕಿ ಬಂದಳು. ಇಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ ಬರುವುದಷ್ಟೇ, ಬೆರಳಿಗೆ ಶಾಯಿ ಇಲ್ಲ. ನಾನೇ ಅವಳ ಬೆರಳಿಗೆ ಕಾಡಿಗೆ ಹಚ್ಚಿದೆ.

"ಏನ ಮಾಡ್ತಿ ಆಯಿ!"

"ಸುಮ್ನಿರು. ಓಟು ಹಾಕಿದಾಕಿ ಅಂತ ಮಂದಿಗೆ ಗೊತ್ತಾಗ್ಲಿ."

ಮುಂದಿನ ತಿಂಗಳು ಇಳಕಲ್ಲಿಗೆ ಹೊರಡಬೇಕು. ಹೊರಡುವ ದಿನ ಹತ್ತಿರ ಬಂದಂತೆ ಒಂದು ಮುಖ ನೆನಪಾಗುತ್ತಿದೆ. ಗ್ರಾನೈಟ್ ಕಾರ್ಖಾನೆಯ ಕೆಲಸಕ್ಕೆಂದು ಉತ್ತರದ ಕಡೆಯಿಂದ ಬಂದ ಒಂದು ಕುಟುಂಬ ನಮ್ಮ ಎದುರುಮನೆಯಲ್ಲಿದೆ. ಹಬ್ಬಕ್ಕೆ ಆಕೆ ಒಂದು ಬಟ್ಟಲು ಖೀರು ಕಳಿಸಿದ್ದಳು. ತಿಂದೆ. ಅದೇ ವಾರ ನಲ್ಲಿಯ ಮುಂದೆ ನಾಲ್ವರಿಗೆ ಕೇಳುವ ಹಾಗೆ ಅಂದೆ: "ಎಲ್ಲೆಲ್ಲಿಂದ ಬರ್ತಾವೋ, ನಮ್ಮ ನೀರೆಲ್ಲಾ ಇವಕ್ಕ." ಆಕೆಗೆ ಕನ್ನಡ ಬಾರದು ಅಂದುಕೊಂಡಿದ್ದೆ. ಆಕೆ ತಲೆ ತಗ್ಗಿಸಿ ಕೊಡ ತುಂಬಿಕೊಂಡು ಹೋದಳು.

ಇಲ್ಲಿ ನಾನು ಮೂಲೆಯ ಕುರ್ಚಿಯವಳು, ಅಲ್ಲಿ ನಲ್ಲಿಯ ಒಡತಿ. ಹೋದ ಕೂಡಲೇ ಆಕೆಯ ಬಾಗಿಲಿಗೆ ಹೋಗಬೇಕು. ಆಕೆಯೂ ನನ್ನನ್ನು ಒಳಗೆ ಕರೆದು ಕೂರಿಸಿ, 'ಅವತ್ತು ಅಂದದ್ದನ್ನು ನನ್ನ ಮುಖ ನೋಡಿ ಹೇಳು' ಅಂದರೆ? ಒರೆಸಿಕೊಳ್ಳಲು ನನಗೆ ಕನ್ನಡಕವೂ ಇಲ್ಲ.