ಮೀನಿನ ಪೆಟ್ಟಿಗೆ ಕಂಡು ಬಂದ ಕೊಟ್ರಪ್ಪ ಕಾಕಾ

ನೀವು ಸತ್ತರೆ ನಿಮ್ಮನ್ನು ಯಾವ ಆಕಾರದಲ್ಲಿ ಕಳಿಸಿಕೊಡಬೇಕೆಂದು ಕೊಟ್ರಪ್ಪ ಕಾಕಾ ಮೊದಲ ಭೇಟಿಯಲ್ಲೇ ತೀರ್ಮಾನಿಸಿಬಿಡುತ್ತಿದ್ದರು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಮಿರ್ಚಿ ಕರಿಯುವವನಿಗೆ ಮೆಣಸಿನಕಾಯಿ, ದರ್ಜಿಗೆ ಹೊಲಿಗೆ ಯಂತ್ರ, ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಮೈಕು. ತಮಗೆ ಬೋರ್‌ವೆಲ್ ಲಾರಿ. ಇಂಥ ಅಪಶಕುನ ನುಡಿದೂ ಯಾರಿಂದಲೂ ಏಟು ತಿನ್ನದೆ ಉಳಿದದ್ದು ಅವರ ನಗುಮುಖದ ಪುಣ್ಯ.

ಈ ಹುಚ್ಚು ಹತ್ತಿದ್ದು ಘಾನಾ ದೇಶದಲ್ಲಿ. ಬೋರ್‌ವೆಲ್ ಕೊರೆಯಲು ಹೋದವರು ಅಲ್ಲೇ ಬಹಳ ವರ್ಷ ದುಡಿದರು. ಒಂದು ದಿನ ಕಡಲತಡಿಯ ಊರಿನಲ್ಲಿ ಗಾ ಎಂಬ ಪಂಗಡದ ಜನ ಆಳುದ್ದದ ಬಣ್ಣದ ಮೀನೊಂದನ್ನು ಹೊತ್ತು, ಬಾಜಾ ಬಾರಿಸುತ್ತ ಕುಣಿದು ಬರುತ್ತಿದ್ದರಂತೆ. ಯಾವುದೋ ದೇವರು ಹೊರಟಿದೆ ಎಂದುಕೊಂಡ ಕಾಕಾ ಚಪ್ಪಲಿ ಬಿಟ್ಟು, ಅಂಗಡಿಯಿಂದ ತೆಂಗಿನಕಾಯಿ ತಂದು, ಮೀನಿನ ಮುಂದೆ ಒಡೆದು ಕೈಮುಗಿದರು. ಒಳಗಿದ್ದದ್ದು ಮೀನು ಹಿಡಿಯುತ್ತಿದ್ದ ಮುದುಕನ ಹೆಣ! ಬದುಕಿನಲ್ಲಿ ಏನಾಗಿದ್ದನೋ ಆ ಆಕಾರದ ಪೆಟ್ಟಿಗೆಯಲ್ಲಿಟ್ಟು ಹಿರಿಯರನ್ನು ಮಣ್ಣು ಮಾಡುವುದು ಅವರಲ್ಲೊಂದು ಪದ್ಧತಿ. ಸತ್ತವನ ಮಗ ಸಿಟ್ಟಾಗಲಿಲ್ಲ. ಅಪ್ಪನಿಗೆ ಮರ್ಯಾದೆ ಮಾಡಿದರೆಂದು ಕಾಕಾನನ್ನು ಮನೆಗೆ ಕರೆದೊಯ್ದು ಊಟಕ್ಕೆ ಕೂರಿಸಿದ.

"ನಮ್ಮಾಗೂ ಬಿದಿರಿನ ವಿಮಾನ ಕಟ್ಟಿ, ಸತ್ತೋರನ್ನ ಕುಂದ್ರಿಸಿ, ಹೂವು ಏರಿಸಿ ಒಯ್ತೀವಿ. ಆದ್ರ ಎಲ್ಲಾರ್ಗೂ ಒಂದ ನಮೂನಿ. ಹೋದಾವ ಯಾರಂತ ನೋಡಿದ್ರ ತಿಳೀಬೇಕಲ್ಲ?" ಎನ್ನುತ್ತಿದ್ದರು.

ಅವರ ಹೆಂಡತಿ ಗಂಗಮ್ಮ ಕಾಕಿಗೆ ಈ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಆದರೂ ಒಮ್ಮೆ ರೊಟ್ಟಿ ಬಡಿಯುತ್ತ, ಊರಿಗೆಲ್ಲ ಆಕಾರ ಹಂಚಿದಿರಲ್ಲ, ನನಗೇನು ಇಟ್ಟಿದ್ದೀರಿ ಎಂದು ಕೇಳಿದರು. ರೊಟ್ಟಿ ಹಂಚು ಎಂದರು ಕಾಕಾ. ಕಾಕಿ ನಗಲಿಲ್ಲ. ಆಮೇಲೆ ಆ ಪ್ರಶ್ನೆ ಕಾಕಾನನ್ನು ಬಿಡಲೇ ಇಲ್ಲ. ನನ್ನ ಬಳಿ ಬಂದು, ಎಮ್ಮೆ ಅನ್ನಲೇ, ಕುಂಟೆ ಅನ್ನಲೇ ಎಂದು ಕೇಳಿ, ಯಾವುದೂ ಸಾಲದೆಂದು ತಾವೇ ತಲೆ ಅಲ್ಲಾಡಿಸುತ್ತಿದ್ದರು.

ಕಾಕಿ ಹೋದ ವರ್ಷ ತೀರಿಕೊಂಡರು. ಅಂಗಳದಲ್ಲಿ ಬಿದಿರು ಸೀಳುತ್ತಿದ್ದವರು ಕೈ ತಡೆದು ಕಾಕಾನ ಮುಖ ನೋಡಿದರು. ಏನಾದರೂ ಒಂದು ಆಕಾರ ಹೇಳಿಯೇ ಹೇಳುತ್ತಾರೆಂದು ನಾವೆಲ್ಲ ಕಾದೆವು.

"ಎಲ್ಲಾರ್ಗೂ ಕಟ್ಟಿದಂಗ ಕಟ್ರಪಾ," ಎಂದರು. "ನಾ ಘಾನಾದಾಗ ಇದ್ದಾಗ ಇಲ್ಲಿ ಹೊಲ ಮಾಡಿದಾಕಿ, ಮಗಳ ಮದ್ವಿ ಮಾಡಿದಾಕಿ, ನಮ್ಮವ್ವನ ಬಾಯಿಗೆ ಕೊನಿ ನೀರು ಬಿಟ್ಟಾಕಿ. ಅಕಿ ಏನಾಗಿದ್ಳಂತ ನನಗ ಗೊತ್ತಾಗವಲ್ದು."

ಆಮೇಲೆ ಅವರು ಯಾರಿಗೂ ಆಕಾರ ಹಂಚಲಿಲ್ಲ. ಬೈಯುತ್ತಿದ್ದವರೇ, ಕಾಕಾ ಮೊದಲಿನಂತೆ ಒಂದು ಮಾತು ಆಡಬಾರದೇ ಎಂದು ಹಂಬಲಿಸುವಂತಾಯಿತು.

ಕೊನೆಯ ಸಲ ಅವರನ್ನು ಕಂಡದ್ದು ಹರಪನಹಳ್ಳಿಯಲ್ಲಿ, ಅವರ ಮಗಳ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ನಗಿಸೋಣವೆಂದು, ಲಾರಿ ಕಟ್ಟಲು ಹೇಳಿಬಿಡಲೇ ಕಾಕಾ ಎಂದೆ. ಬೇಡವೆಂದು ಕೈಯಾಡಿಸಿದರು.

"ಅಕಿಗೆ ಕಟ್ಟಿದಂಗ ನನಗೂ ಕಟ್ರಿ. ಲಾರ್ಯಾಗ ಹೋದ್ರ, ಮತ್ತ ದೂರ ದುಡಿಯಾಕ ಹೊಂಟಾನಂತ ತಿಳ್ಕಂತಾಳ."