ಕೊನೆಯ ಪುಟದ ಪದ್ಮಕ್ಕ

ಪದ್ಮಕ್ಕನ ಪುಸ್ತಕಗಳನ್ನು ಮಕ್ಕಳು ಹಿಂದಿನಿಂದ ಓದುತ್ತಿದ್ದರು. ಕೈಗೆ ಬಂದ ಕೂಡಲೇ ಪುಸ್ತಕವನ್ನು ಬೋರಲು ಹಾಕಿ, ಕೊನೆಯ ಪುಟ ತೆರೆದು, ಅಲ್ಲಿ ತಮ್ಮ ಹೆಸರಿದೆಯೋ ಎಂದು ಬೆರಳಿಟ್ಟು ಹುಡುಕಿ, ಆಮೇಲೆ ಮೊದಲ ಪುಟಕ್ಕೆ ಬರುತ್ತಿದ್ದರು. ಕನ್ನಡ ನೆಟ್ಟಗೆ ಓದಲು ಬಾರದ ನಾಗಪುರದ ನಮ್ಮ ಮಕ್ಕಳು ಕೂಡ ಆ ಒಂದು ಪುಟವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ ಮುಗಿಸುತ್ತಿದ್ದರು. ಆ ಪುಟದ ತಲೆಬರಹ ಯಾವಾಗಲೂ ಒಂದೇ: 'ಹೋದ ಪುಸ್ತಕದಲ್ಲಿ ನಾನು ಮಾಡಿದ ತಪ್ಪುಗಳು'.

ಅವುಗಳಲ್ಲಿ ಒಂದು ನನಗೆ ಬಾಯಿಪಾಠವಾಗಿದೆ. 'ಪುಟ ಹನ್ನೆರಡು. ಕಿತ್ತಳೆ ಪೆಟ್ಟಿಗೆಯೊಳಗೆ ಭತ್ತದ ಹುಲ್ಲು ಹಾಸುತ್ತಾರೆ ಎಂದು ಬರೆದಿದ್ದೆ. ಈಗ ಹುಲ್ಲಲ್ಲ, ಹಳೆಯ ಪೇಪರು. ಹಿಡಿದವನು: ಪ್ರವೀಣ, ಕಾಮಠಿ.' ಈ ಪ್ರವೀಣನ ತಂದೆ ನಾಗಪುರದ ಪಕ್ಕದ ಕಾಮಠಿಯ ಸೈನ್ಯದ ಠಾಣೆಯಲ್ಲಿದ್ದರು. ಅವರಿಗೆ ವರ್ಗವಾದಾಗ ಹುಡುಗ ಆ ಪುಸ್ತಕವನ್ನು ಪೆಟ್ಟಿಗೆಗೆ ಹಾಕಲು ಬಿಡದೆ ಕೈಯಲ್ಲೇ ಹಿಡಿದುಕೊಂಡು ರೈಲು ಹತ್ತಿದನಂತೆ.

ಪುಸ್ತಕ ಅಚ್ಚು ಹಾಕುವ ಹುಬ್ಬಳ್ಳಿಯ ಪ್ರೆಸ್ಸಿನವರಿಗೆ ಈ ಪುಟವೆಂದರೆ ತಲೆನೋವು. "ಅಕ್ಕಾರ, ತಪ್ಪೈತಿ ಅಂತ ನೀವಽ ಡಂಗುರ ಹೊಡದ್ರ ಪುಸ್ತಕ ಯಾರು ಒಯ್ತಾರ್ರಿ?" ಎಂದು ಅವರು ಫೋನಿನಲ್ಲಿ ಗೋಳಾಡಿದ್ದನ್ನು ನಾನೇ ಕೇಳಿದ್ದೇನೆ. ಪದ್ಮಕ್ಕ ತಣ್ಣಗೆ, "ತಪ್ಪು ಆಗಿದ್ದು ಆಗಿ ಹೋತು. ಮುಚ್ಚಿಟ್ರ ಎರಡಾಗತಾವ" ಎಂದಿದ್ದರು. ಆ ಮಾತಿನ ಅರ್ಥ ನನಗೆ ತಿಳಿಯಿತು ಎಂದು ಆಗ ಅಂದುಕೊಂಡಿದ್ದೆ.

ಪದ್ಮಕ್ಕ ಬಾಗಲಕೋಟೆ ಕಡೆಯವರು. ಮೂವತ್ತು ವರ್ಷ ನಾಗಪುರ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಮಾಡಿ, ನಿವೃತ್ತಿಯ ಮೇಲೆ ಅಜನಿ ಬಡಾವಣೆಯಲ್ಲಿ ತಮ್ಮನ ಮನೆಯ ಮಹಡಿಯಲ್ಲಿದ್ದರು. ಗಿಡ್ಡ ಆಳು, ಕೈಯಲ್ಲಿ ಗಂಡಸರ ವಾಚು, ಹೆಗಲಿಗೊಂದು ಚೀಲ. ಚೀಲದಲ್ಲಿ ಅಳತೆಯ ಟೇಪು, ಕೊಕ್ಕೆ ಇರುವ ಸಣ್ಣ ತಕ್ಕಡಿ, ಪೆನ್ಸಿಲು. ಬೇಸಿಗೆಯಾದರೆ ಬಿಸಿಗಾಳಿ ಬಡಿಯದಿರಲೆಂದು ಇಲ್ಲಿಯವರ ಹಾಗೆ ಒಂದು ಉಳ್ಳಾಗಡ್ಡಿ. ಪಾರ್ಸೆಲ್ ಆಫೀಸಿಗೆ ಬಂದ ಯಾರದೋ ಮಗು "ಈ ಡಬ್ಬಿಗಳು ರಾತ್ರಿ ಎಲ್ಲಿ ಮಲಗತಾವ?" ಎಂದು ಕೇಳಿತಂತೆ. ಅದಕ್ಕೆ ಉತ್ತರವಾಗಿ ಬರೆದದ್ದೇ ಅವರ ಮೊದಲ ಪುಸ್ತಕ. ಆಮೇಲೆ ಕಿತ್ತಳೆ, ಹಳಿ, ತಕ್ಕಡಿ, ಇತವಾರಿ ಪೇಟೆಯ ಕೈಗಾಡಿ ಹೀಗೆ ಒಂದೊಂದರ ಮೇಲೆ ಒಂದೊಂದು ತೆಳ್ಳಗಿನ ಪುಸ್ತಕ. ರಾಜ ರಾಣಿ ಇಲ್ಲ, ಮಾತಾಡುವ ನರಿ ಇಲ್ಲ, ಕೊನೆಗೊಂದು ನೀತಿಯೂ ಇಲ್ಲ. ಇದ್ದದ್ದು ಇದ್ದ ಹಾಗೆ.

ಬರೆದದ್ದನ್ನು ಮಹಡಿಯ ಮೆಟ್ಟಿಲ ಮೇಲೆ ಮೂರು ಮಕ್ಕಳನ್ನು ಕೂರಿಸಿ ಗಟ್ಟಿಯಾಗಿ ಓದುತ್ತಿದ್ದರು. ಓದುತ್ತ ಓದುತ್ತ ಕನ್ನಡಕದ ಮೇಲಿಂದ ಮಕ್ಕಳ ಕಾಲು ನೋಡುತ್ತಿದ್ದರು. ಯಾವುದಾದರೂ ಮಗು ಕಾಲು ಕೆರೆದುಕೊಂಡರೆ ಅಲ್ಲಿಗೆ ಪೆನ್ಸಿಲಿನ ಗೆರೆ. "ಇಲ್ಲೆ ಕೆರಕೊಂಡ ನೋಡು. ಈ ವಾಕ್ಯ ಸತ್ತೈತಿ" ಎಂದು ಹೊಡೆದು ಹಾಕುತ್ತಿದ್ದರು.

ನಾಗಪುರದ ಕನ್ನಡ ಮಕ್ಕಳಿಂದಲೇ ಬರೆಸಿ ಎರಡು ಸಂಕಲನಗಳನ್ನೂ ತಂದರು. ಬರೆಯಲು ಬಾರದ ಮಕ್ಕಳು ಹೇಳಿದರೆ ತಾವೇ ಬರೆದುಕೊಳ್ಳುತ್ತಿದ್ದರು. ನಡುವೆ ಬರುವ ಹಿಂದಿ, ಮರಾಠಿಗೆ ಕೈ ಹಚ್ಚುತ್ತಿರಲಿಲ್ಲ. ಇದ್ದ ನಿಯಮ ಒಂದೇ, ಕಣ್ಣಿನಿಂದ ನೋಡಿದ್ದನ್ನು ಮಾತ್ರ ಬರೆಯಬೇಕು. ನನ್ನ ಮಗ 'ನಮ್ಮ ತಂದೆಯವರು ಬಹಳ ಶ್ರಮಜೀವಿಗಳು' ಎಂದು ಬರೆದುಕೊಟ್ಟಾಗ ಪದ್ಮಕ್ಕ ಅವನನ್ನು ಕರೆದು, "ಇದು ಕಂಡದ್ದೋ, ಕೇಳಿದ್ದೋ?" ಎಂದರು. ಅವನು ಅದನ್ನು 'ನಮ್ಮಪ್ಪ ಐತವಾರ ಮಧ್ಯಾಹ್ನ ಬಾಯಿ ತೆರಕೊಂಡು ಮಲಗತಾನ' ಎಂದು ತಿದ್ದಿದ. ಹಾಗೇ ಅಚ್ಚಾಯಿತು. ಇಲ್ಲಿಯ ಕನ್ನಡ ಸಂಘದ ಸಭೆಯಲ್ಲಿ ಎರಡು ವರ್ಷ ಜನ ನನ್ನ ಬಾಯಿ ನೋಡಿ ನಗುತ್ತಿದ್ದರು.

ಕಂಡದ್ದೋ, ಕೇಳಿದ್ದೋ. ಪದ್ಮಕ್ಕ ಇದನ್ನು ಎಲ್ಲರಿಗೂ ಕೇಳುತ್ತಿದ್ದರು, ತರಕಾರಿಯವನಿಗೂ ಬಿಡುತ್ತಿರಲಿಲ್ಲ. ಅದನ್ನು ನನಗೂ ಕೇಳಿದರು. ಅಲ್ಲಿಂದಲೇ ನನ್ನ ಕಥೆ ಶುರು.

ನಾನು ಗುರುರಾಜ, ಧಾರವಾಡದವನು, ಅಮರಾವತಿ ರಸ್ತೆಯ ಕಡೆ, ವಾಡಿ ಎಂಬ ಲಾರಿಗಳ ಪೇಟೆಯ ಆಚೆ, ಒಂದು ಸರಕಾರಿ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡಲು ಬರುತ್ತದೆಂದು ಪದ್ಮಕ್ಕನ ಹಸ್ತಪ್ರತಿಗಳೆಲ್ಲ ನನ್ನ ಪಾಲಿಗೆ ಬಂದವು. ಅವರು ಲಾರಿಯ ಬಗ್ಗೆ ಬರೆಯುತ್ತಿದ್ದ ವರ್ಷ ಅವರ ಮೊಣಕಾಲು ಪೂರಾ ಹಟ ಹಿಡಿದಿತ್ತು. ಒಂದು ದಿನ ಮೆಟ್ಟಿಲ ಮೇಲಿನ ಮಗುವೊಂದು, "ಲಾರಿ ತೂಗೂವಾಗ ಡ್ರೈವರ್ ಕೆಳಗ ಇಳೀತಾನೋ, ಕುಂತಽ ಇರ್ತಾನೋ?" ಎಂದು ಕೇಳಿತು. ಪದ್ಮಕ್ಕನಿಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಅವರಿಗೆ ಭಾರೀ ಖುಷಿಯಾಯಿತು.

"ಗುರು, ನೀ ದಿನಾ ವಾಡಿ ದಾಟಿ ಹೋಗತಿ. ಅಲ್ಲೆ ಲಾರಿ ತೂಗೂ ಧರಮ್ ಕಾಂಟಾ ಐತಿ. ಒಂದು ತಾಸು ನಿಂತು ನೋಡಿ ಬಾರಪಾ" ಎಂದರು.

ಅದು ಮೇ ತಿಂಗಳು. ನಾಗಪುರದ ಮೇ ತಿಂಗಳಲ್ಲಿ ಮಧ್ಯಾಹ್ನ ರಸ್ತೆಯ ಡಾಂಬರು ಚಪ್ಪಲಿಗೆ ಹತ್ತಿಕೊಳ್ಳುತ್ತದೆ. ಮೊದಲ ದಿನ ನಾಳೆ ನೋಡೋಣವೆಂದು ಸ್ಕೂಟರ್ ಓಡಿಸಿಕೊಂಡು ಬಂದೆ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಪದ್ಮಕ್ಕ ಕೇಳಿದಾಗ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಇಳೀತಾನ್ರಿ ಅಕ್ಕಾರ. ಇಳೀಲಿಲ್ಲಂದ್ರ ಅವನ ತೂಕಾನೂ ಮಾಲಿನಾಗ ಸೇರತೈತಲ್ರಿ."

"ಕಂಡದ್ದೋ, ಕೇಳಿದ್ದೋ?"

"ಕಂಡದ್ದಽ. ಕೆಂಪು ಟವೆಲ್ ಹಾಕ್ಕೊಂಡಿದ್ದ. ಕಾಂಟಾದ ಬಾಜೂಕ ಬೇವಿನ ಗಿಡ ಐತಿ, ಅದರ ನೆಳ್ಳಾಗ ನಿಂತು ಚಾ ಕುಡ್ಯಾಕತ್ತಿದ್ದ."

ಇಷ್ಟೆಲ್ಲ ಯಾಕೆ ಸೇರಿಸಿದೆನೋ ನನಗೇ ತಿಳಿಯದು. ಪದ್ಮಕ್ಕನಿಗೆ ಆ ಕೆಂಪು ಟವೆಲ್ಲಿನವನು ಬಹಳ ಇಷ್ಟವಾದ. ಅವನನ್ನು ಪುಸ್ತಕಕ್ಕೆ ಹಾಕಿದರು. ಬೇವಿನ ಮರದ ಕೆಳಗೆ ಅವನು ಚಹಾ ಕುಡಿಯುವ ಚಿತ್ರವನ್ನೂ ಬರೆಸಿದರು. ಮುನ್ನುಡಿಯಲ್ಲಿ 'ನನ್ನ ಮೊಣಕಾಲಿನ ಬದಲು ನಡೆದ ಗುರುರಾಜನಿಗೆ' ಎಂದು ಒಂದು ಸಾಲು. ಆ ಸಾಲನ್ನು ಟೈಪು ಮಾಡಿದವನೂ ನಾನೇ. ನಿಜ ಹೇಳಬೇಕೆಂದರೆ ಹೆಮ್ಮೆಯೇ ಆಯಿತು.

ಮರುವರ್ಷದ ಬೇಸಿಗೆಯಲ್ಲಿ ಪುಸ್ತಕ ಬಂದ ಮೇಲೆ ಸಂಘದ ಹಾಲಿನಲ್ಲಿ ಮಕ್ಕಳನ್ನು ಕೂಡಿಸಿ ಓದಿದರು. ಬಂದ ಮಕ್ಕಳ ಹೆಸರು, ಊರು ಪಟ್ಟಿ ಮಾಡಿದ್ದು ನಾನು. ಲಾರಿಯ ಪುಟ ಬಂದಾಗ ಹಿಂದಿನ ಸಾಲಿನಿಂದ ಹತ್ತು ವರ್ಷದ ಒಬ್ಬ ಹುಡುಗಿ ಎದ್ದು ನಿಂತಳು. ವಾಡಿಯವಳು, ಇಂಡಿ ಕಡೆಯಿಂದ ಬಂದ ಲಾರಿ ಡ್ರೈವರನ ಮಗಳು. ಕನ್ನಡ ಓದಲು ಬರುತ್ತಿರಲಿಲ್ಲ, ಚಿತ್ರ ನೋಡಿ ಎದ್ದಿದ್ದಳು.

"ಇದು ಖರೇ ಅಲ್ರಿ. ನಮ್ಮಪ್ಪ ಇಳಿಯಂಗಿಲ್ಲ. ಕಾಂಟಾದ ಮ್ಯಾಲ ನಾ ಅವನ ಬಾಜೂಕ ಕುಂತಿದ್ದೆ."

ಸಂಘದ ಕಾರ್ಯದರ್ಶಿಗಳು, "ಕುಂಡ್ರವಾ. ಪುಸ್ತಕದಾಗ ಬರದೈತಲ್ಲ" ಎಂದರು. ಪದ್ಮಕ್ಕ ಕೈ ಎತ್ತಿ ಅವರನ್ನು ತಡೆದು, ನನ್ನ ಕಡೆ ತಿರುಗಿದರು. "ಗುರು, ಏನಂತೀ?"

ಹಾಲಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನನ್ನ ಮಗನೂ ಅಲ್ಲಿದ್ದ. 'ನಾನು ಹೋಗಿಲ್ಲ' ಎಂಬ ಎರಡು ಶಬ್ದ ಸಾಕಿತ್ತು. ನಾನು ಹೇಳಿದ್ದು ಇದು: "ನಾ ಕಂಡಾಂವ ಇಳಿದಿದ್ದ ಅಕ್ಕಾರ. ಹುಡುಗಿ ಸಣ್ಣಾಕಿ, ನೆನಪು ಹಿಂದ ಮುಂದ ಆಗಿರಬೇಕು."

ಹುಡುಗಿ ಅಳಲಿಲ್ಲ. ನನ್ನನ್ನೇ ಒಂದು ಗಳಿಗೆ ನೋಡಿ ಕೂತಳು. ಕಾರ್ಯಕ್ರಮ ಮುಗಿದಾಗ ಅವಳಿಗೆ ಕೊಟ್ಟ ಪುಸ್ತಕ ಕುರ್ಚಿಯ ಮೇಲೇ ಇತ್ತು. ಪದ್ಮಕ್ಕ ಅದನ್ನು ಎತ್ತಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಪದ್ಮಕ್ಕ ಅದನ್ನೇ ಮಾಡಿದರು. ಒಂದು ವಾರ ಕಳೆದು ನಾನು ಹೋದಾಗ ಅವರು ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದರು, ಮುಖವೆಲ್ಲ ಬಿಸಿಲಿಗೆ ಕಪ್ಪಿಟ್ಟಿತ್ತು. ಕೊಡೆ ಹಿಡಿದುಕೊಂಡು, ಚೀಲದಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು, ಆಟೋದಲ್ಲಿ ವಾಡಿಗೆ ಹೋಗಿ ಇಡೀ ಮುಂಜಾನೆ ಕಾಂಟಾದ ಎದುರು ನಿಂತು ಬಂದಿದ್ದರು.

"ಹದಿನಾಕು ಲಾರಿ ನೋಡಿದೆ, ಗುರು. ಒಬ್ಬನೂ ಇಳೀಲಿಲ್ಲ. ಖಾಲಿ ಲಾರಿ ತೂಗೂವಾಗೂ ಕುಂತಿರತಾನ, ತುಂಬಿದ ಲಾರಿ ತೂಗೂವಾಗೂ ಕುಂತಿರತಾನ. ತುಂಬಿದ್ದರಾಗ ಖಾಲೀದು ಕಳೆದ್ರ ಅವನ ತೂಕ ತಾನಽ ಹೋಗಿಬಿಡತೈತಿ. ಎಷ್ಟು ಚಲೋ ಐತಿ ನೋಡು."

ಪದ್ಮಕ್ಕ ಎಣ್ಣೆಯ ಬಟ್ಟಲು ಬದಿಗಿಟ್ಟು ಸ್ವಲ್ಪ ಹೊತ್ತು ಕಾದರು. ಅವರು ನನಗೆ ಜಾಗ ಮಾಡಿಕೊಡುತ್ತಿದ್ದರು ಎಂದು ಈಗ ಅನಿಸುತ್ತದೆ.

"ಆದ್ರ ನೀ ನೋಡಿದಾಂವ ಇಳಿದಿದ್ದ."

"ಹೌದ್ರಿ."

"ಇರಬಹುದು." ಆಮೇಲೆ, "ಆ ಹುಡುಗಿ ಕುಂತದ್ದು ನನಗ ಬರೋಬರ್ ಅನಿಸಲಿಲ್ಲ. ಸುಳ್ಳು ಹೇಳಿದ ಮಕ್ಕಳು ಹಂಗ ಕುಂಡ್ರಂಗಿಲ್ಲ. ಅಕೀ ಹೆಸರೇನು, ಗುರು? ಪಟ್ಟಿ ನೀನಽ ಮಾಡಿದ್ದಿ ಅಲಾ?"

ಪಟ್ಟಿ ನನ್ನ ಮೇಜಿನ ಖಾನೆಯಲ್ಲಿತ್ತು. ಹೆಸರು ನಾಲಿಗೆಯ ತುದಿಯಲ್ಲಿತ್ತು. ಹುಡುಗಿ ಸಿಕ್ಕರೆ, ಅವಳ ಅಪ್ಪ ಸಿಗುತ್ತಾನೆ. ಅವನು ಬಂದು ನಾಲ್ಕು ಜನರ ಮುಂದೆ ಮಾತಾಡಿದರೆ ಕೆಂಪು ಟವೆಲ್ಲಿನವನ ಗತಿಯೇನು, ನನ್ನ ಗತಿಯೇನು? "ನೆನಪಿಲ್ರಿ. ಪಟ್ಟೀನೂ ಎಲ್ಲೋ ಹೋತು" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಂದಿನಿಂದ ಹಸ್ತಪ್ರತಿ ಮೊದಲಿನಂತೆಯೇ ನನಗೆ ಕೊಟ್ಟರು, ಚಹಾ ಮಾಡಿ ಕೊಟ್ಟರು, ಮಗನ ಪರೀಕ್ಷೆಯನ್ನು ವಿಚಾರಿಸಿದರು. ಆದರೆ ಏನನ್ನಾದರೂ ನೋಡಿ ಬಾ ಎಂದು ಮತ್ತೆಂದೂ ಹೇಳಲಿಲ್ಲ. ಕಂಡದ್ದೋ ಕೇಳಿದ್ದೋ ಎಂದು ನನಗೆ ಮತ್ತೆ ಕೇಳಲೂ ಇಲ್ಲ. ತರಕಾರಿಯವನಿಗೆ ಕೇಳುತ್ತಿದ್ದರು.

ಹುಡುಗಿಯನ್ನು ಹುಡುಕಿಕೊಂಡು ಅವರು ಇನ್ನೊಂದು ಸಲ ವಾಡಿಗೆ ಹೋಗಿದ್ದರಂತೆ. ಹೆಸರಿಲ್ಲದೆ ಹುಡುಕುವುದು ಹೇಗೆ? ಇಂಡಿ ಕಡೆಯ ಡ್ರೈವರ್ ಒಬ್ಬ ಸಂಸಾರ ಕಟ್ಟಿಕೊಂಡು ಬೇರೆ ಕಡೆ ಹೋದ, ಎಲ್ಲಿಗೋ ಗೊತ್ತಿಲ್ಲ ಎಂದಷ್ಟೇ ಯಾರೋ ಹೇಳಿದರು.

ಲಾರಿಯ ಪುಸ್ತಕದ ನಂತರ ಬರಬೇಕಿದ್ದ ಮೂರನೆಯ ಸಂಕಲನಕ್ಕೆ ಮಕ್ಕಳ ಬರಹಗಳನ್ನು ಕೂಡಿಸುತ್ತಿರುವಾಗ ಪದ್ಮಕ್ಕ ಹಾಸಿಗೆ ಹಿಡಿದರು. ಕೊನೆಯ ಸಲ ನಾನು ಹೋದಾಗ ದಿಂಬಿಗೆ ಒರಗಿ ಕೂತು, ದಾರ ಕಟ್ಟಿದ ಫೈಲನ್ನು ನನ್ನ ಕೈಗೆ ಕೊಟ್ಟರು. ಗಂಡಸರ ವಾಚು ಮೊಣಕೈವರೆಗೆ ಜಾರುತ್ತಿತ್ತು.

"ಎಲ್ಲಾ ತಯಾರ ಐತಿ. ಕಡೀ ಪುಟ ನೀ ನೋಡಬೇಕು."

"ನೋಡತೇನ್ರಿ ಅಕ್ಕಾರ. ಜಲ್ದಿ ಆರಾಮ ಆಗ್ರಿ."

"ಮನ್ಯಾಗ ಹೋಗಿ ನೋಡು" ಎಂದು ಕಣ್ಣು ಮುಚ್ಚಿಕೊಂಡರು.

ನಾನು ಅವತ್ತೂ ನೋಡಲಿಲ್ಲ. ಆಫೀಸು, ಮನೆ ಎಂದು ಮುಂದೆ ಹಾಕಿದೆ. ಆರನೆಯ ದಿನ ಅವರು ಹೋದರೆಂದು ಅವರ ತಮ್ಮ ಫೋನು ಮಾಡಿದರು. ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ ಫೈಲು ಬಿಚ್ಚಿದೆ. ಕೊನೆಯ ಹಾಳೆಯಲ್ಲಿ ಅವರ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು:

'ಪುಟ ಇಪ್ಪತ್ತಮೂರು. ಲಾರಿ ತೂಗುವಾಗ ಡ್ರೈವರ್ ಕೆಳಗೆ ಇಳಿಯುತ್ತಾನೆ ಎಂದು ಬರೆದಿದ್ದೆ. ಇಳಿಯುವುದಿಲ್ಲ. ಅಲ್ಲಿ ಬೇವಿನ ಮರವೂ ಇಲ್ಲ. ಹಿಡಿದವಳು:'

ಅದರ ಮುಂದೆ ಖಾಲಿ ಜಾಗ, ಜಾಗದ ಆಚೆ 'ವಾಡಿ'. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ, 'ಗುರು, ಇಲ್ಲಿ ಹೆಸರು ನೀನೇ ತುಂಬಬೇಕು.'

ಬೇವಿನ ಮರವಿಲ್ಲ ಎಂಬುದು ಅವರಿಗೆ ಆ ಮುಂಜಾನೆಯೇ ತಿಳಿದಿತ್ತು. ಕಾಂಟಾದ ಎದುರು ನಿಂತ ಮೊದಲ ಗಳಿಗೆಯಲ್ಲೇ ತಿಳಿದಿರಬೇಕು. ತಿಳಿದೂ ಬಟ್ಟಲು ಬದಿಗಿಟ್ಟು ಕಾದರು, ತಿಳಿದೂ ಚಹಾ ಕೊಟ್ಟರು. ಆ ಹಾಳೆ ಹಿಡಿದುಕೊಂಡು ನಾನು ಅತ್ತೆ. ಅವರು ಹೋದರೆಂದೋ, ಸಿಕ್ಕಿಬಿದ್ದೆನೆಂದೋ ಬಿಡಿಸಿ ಹೇಳಲಾರೆ.

ಮರುದಿನ ಆಫೀಸಿಗೆ ರಜೆ ಹಾಕಿ ವಾಡಿಗೆ ಹೋದೆ. ದಿನಕ್ಕೆರಡು ಸಲ ದಾಟಿ ಹೋಗುತ್ತಿದ್ದ ಕಾಂಟಾದ ಮುಂದೆ ಮೊದಲ ಬಾರಿಗೆ ಸ್ಕೂಟರ್ ನಿಲ್ಲಿಸಿದೆ. ಒಂದು ತಗಡಿನ ಕೋಣೆ, ನೆಲಕ್ಕೆ ಕಬ್ಬಿಣದ ಹಲಗೆ, ಸುತ್ತಲೂ ಬರೀ ಧೂಳು. ಲಾರಿಗಳು ಬಂದವು, ಹಲಗೆಯ ಮೇಲೆ ನಿಂತವು, ಹೋದವು. ಡ್ರೈವರುಗಳು ಕೂತೇ ಇದ್ದರು. ಒಬ್ಬ ಮೊಬೈಲು ನೋಡುತ್ತಿದ್ದ, ಇನ್ನೊಬ್ಬ ಆಕಳಿಸುತ್ತಿದ್ದ. ಇದನ್ನು ನೋಡಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಹುಡುಗಿಯ ಮನೆಯವರ ಬಗ್ಗೆ ಅಲ್ಲಿನ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಈಗ ಹೆಸರು ಹಿಡಿದೇ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಪದ್ಮಕ್ಕ ಕೇಳಿದ ದಿನವೇ ಹೆಸರು ಹೇಳಿದ್ದರೆ ಸಿಗುತ್ತಿದ್ದರೇನೋ.

ಮನೆಗೆ ಬಂದು ಖಾಲಿ ಜಾಗದಲ್ಲಿ ಬರೆದೆ: ಮಹಾದೇವಿ. ಅದರ ಕೆಳಗೆ, ಪದ್ಮಕ್ಕನ ಅಪ್ಪಣೆಯಿಲ್ಲದೆ, ಇನ್ನೊಂದು ಸಾಲು ಸೇರಿಸಿದೆ. 'ಈ ತಪ್ಪು ಪದ್ಮಕ್ಕನದಲ್ಲ. ನೋಡದೆಯೇ ನೋಡಿದೆನೆಂದು ಹೇಳಿದವನು, ಮಹಾದೇವಿಯ ಮಾತನ್ನು ಸುಳ್ಳು ಮಾಡಿದವನು ಗುರುರಾಜ.' ಪ್ರೆಸ್ಸಿನವರು ಫೋನು ಮಾಡಿ ಇದು ಬೇಕೇ ಎಂದು ಎರಡು ಸಲ ಕೇಳಿದರು. ಬೇಕು ಎಂದೆ.

ಹೋದ ತಿಂಗಳು ಪುಸ್ತಕ ಬಂತು. ಸಂಘದ ಹಾಲಿನಲ್ಲಿ ಮಕ್ಕಳಿಗೆ ಹಂಚಿದೆವು. ಒಬ್ಬರೂ ತಪ್ಪದೆ ಎಲ್ಲರೂ ಪುಸ್ತಕ ಬೋರಲು ಹಾಕಿದರು. ಮುಂದಿನ ಸಾಲಿನ ಒಬ್ಬ ಪುಟ್ಟ ಹುಡುಗಿ ಬೆರಳಿಟ್ಟು, ಅಕ್ಷರ ಕೂಡಿಸಿ, ಬಹಳ ಹೊತ್ತು ಓದಿ ನನ್ನ ಹತ್ತಿರ ಬಂದಳು.

"ಕಾಕಾ, ಗುರುರಾಜ ಅಂದ್ರ ನೀವಽ ಏನ್ರಿ?"

"ಹೌದವಾ."

"ನೋಡದಽ ನೋಡೇನಿ ಅಂದ್ರಿ?"

"ಹೌದು."

"ಯಾಕ್ರಿ?"

ಪದ್ಮಕ್ಕ ಕೂರುತ್ತಿದ್ದ ಕುರ್ಚಿಯ ಕಡೆ ನೋಡಿದೆ. ಅದರ ಮೇಲೆ ಪುಸ್ತಕದ ಕಟ್ಟು ಇಟ್ಟಿದ್ದರು.

"ಬಿಸಲಿತ್ತವಾ" ಎಂದೆ.